ಪ್ರಬಂಧದ ಬಿತ್ತನೆ ಮೃಗಶಿರಾ ಮಳೆಗೇ ಆಗಲಿ

ಮಾನ್ಯ ಸಂಪಾದಕರೇ,

ಶಾಲೆಗಳು ತೆರೆದಿವೆ, ಹೊಲಗಳಲ್ಲಿ ತೊಗರಿ ಬಿತ್ತಲು ಕೂರಿಗೆ ಹೊರಟಿವೆ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಪ್ರೌಢಶಾಲೆ ಮತ್ತು ಪಿಯು ಕಾಲೇಜುಗಳಲ್ಲಿ ಮಕ್ಕಳು ಬರೆಯುವ ಹತ್ತಿಪ್ಪತ್ತು ಪುಟಗಳ ಸಂಶೋಧನಾ ಪ್ರಬಂಧ ಯಾವಾಗ ಶುರುವಾಗಬೇಕು ಎಂಬ ಮಾತನ್ನು ಈ ವಾರವೇ ಆಡಬೇಕು. ಡಿಸೆಂಬರ್‌ನಲ್ಲಿ ಆಡಿದರೆ ಆ ಮಾತಿನಿಂದ ಯಾರಿಗೂ ಉಪಯೋಗವಿಲ್ಲ.

ಈಗ ನಡೆಯುತ್ತಿರುವುದು ಏನೆಂದರೆ, ಡಿಸೆಂಬರ್ ಕೊನೆಯಲ್ಲಿ ‘ಬಹಮನಿ ಸಾಮ್ರಾಜ್ಯ’, ‘ಬಿದರಿ ಕಲೆ’, ‘ಜಲಮಾಲಿನ್ಯ’ ಎಂದು ವಿಷಯಗಳ ಪಟ್ಟಿ ಬರುತ್ತದೆ. ಸಂಕ್ರಾಂತಿ ಮುಗಿಯುವಷ್ಟರಲ್ಲಿ ಒಪ್ಪಿಸಬೇಕು. ದ್ವಿತೀಯ ಪಿಯುಸಿಯ ಕಲಾ ಮತ್ತು ವಾಣಿಜ್ಯ ವಿಷಯಗಳಲ್ಲಿ ಈಗ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಆ 20ರಲ್ಲಿ ಯೋಜನಾ ಕಾರ್ಯಕ್ಕೂ ಪಾಲಿದೆ. ಅದೇ ತಿಂಗಳಲ್ಲಿ ಪೂರ್ವಸಿದ್ಧತಾ ಪರೀಕ್ಷೆಯೂ ತಲೆ ಮೇಲೆ ಇರುತ್ತದೆ. ಮೂರು ವಾರ ಸಿಕ್ಕ ಹುಡುಗ ಏನು ಮಾಡಬೇಕು? ಸೈಬರ್ ಸೆಂಟರ್‌ಗೆ ಹೋಗಿ ಸಿದ್ಧ ಪ್ರಾಜೆಕ್ಟ್ ಪ್ರಿಂಟ್ ತೆಗೆಸುತ್ತಾನೆ, ಇಲ್ಲವೇ ಮೊಬೈಲ್‌ನಲ್ಲಿ ಎಐಗೆ ಕೇಳಿ ಬಂದದ್ದನ್ನು ನಕಲು ಮಾಡುತ್ತಾನೆ. ಬಣ್ಣದ ಮುಖಪುಟ, ಸ್ಪೈರಲ್ ಬೈಂಡಿಂಗ್, ಒಳಗೆ ಓದದ ಹಾಳೆಗಳು. ನಕಲು ಮಾಡಿದನೆಂದು ಅವನನ್ನು ಬೈಯುವುದು ಸುಲಭ. ಆದರೆ ಮೂರು ವಾರದಲ್ಲಿ ಪ್ರಾಮಾಣಿಕವಾಗಿ ಮಾಡಿ ಮುಗಿಸಲು ಆಗದ ಕೆಲಸವನ್ನು ಕೊಟ್ಟವರು ದೊಡ್ಡವರು.

ಎಷ್ಟು ಸಮಯ ಬೇಕು ಎಂಬುದಕ್ಕೆ ಒಂದು ಅಳತೆ ಇದೆ. ಹಲವು ದೇಶಗಳ ಶಾಲೆಗಳಲ್ಲಿರುವ ಇಂಟರ್‌ನ್ಯಾಷನಲ್ ಬ್ಯಾಕಲಾರಿಯೆಟ್ ಎಂಬ ಪಠ್ಯಕ್ರಮದ ಎರಡು ವರ್ಷದ ಡಿಪ್ಲೊಮಾದಲ್ಲಿ ಪ್ರತಿ ವಿದ್ಯಾರ್ಥಿಯೂ ಬರೆಯಲೇಬೇಕಾದ ದೀರ್ಘ ಪ್ರಬಂಧಕ್ಕೆ 4,000 ಪದಗಳ ಮಿತಿ ಇದೆ. ವಿದ್ಯಾರ್ಥಿಯ ದುಡಿಮೆ ಸುಮಾರು 40 ಗಂಟೆ, ಮಾರ್ಗದರ್ಶಕರು ಕೊಡಬೇಕಾದದ್ದು 3ರಿಂದ 5 ಗಂಟೆ. ಆ ಶಾಲೆಗಳ ಸೌಲಭ್ಯ ನಮ್ಮ ಮಕ್ಕಳಿಗಿಲ್ಲ, ನಿಜ. ಗಂಟೆಗಳ ಲೆಕ್ಕ ಮಾತ್ರ ಎಲ್ಲ ಮಕ್ಕಳಿಗೂ ಒಂದೇ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುವುದರಿಂದ ಅಷ್ಟೇ ವಿಷಯ ಕಡಿಮೆ ಪದಗಳಲ್ಲಿ ಬರುತ್ತದೆ. 2,500 ಪದ ಸಾಕು. ಪ್ರಶ್ನೆ ಗಟ್ಟಿಮಾಡಲು 4 ಗಂಟೆ, ಓದಿಗೆ 8, ಹೊರಗಿನ ಕೆಲಸಕ್ಕೆ 12, ಮೊದಲ ಕರಡಿಗೆ 8, ತಿದ್ದಿ ಬರೆಯಲು 6, ಆಧಾರಗಳ ಪಟ್ಟಿ ಮತ್ತು ಚಿತ್ರಗಳಿಗೆ 2. ಒಟ್ಟು 40. ವಾರಕ್ಕೆ ಎರಡು ಗಂಟೆ ಎಂದರೆ 20 ವಾರ. ಜುಲೈ ಮೊದಲ ವಾರ ಹಿಡಿದರೆ ನವೆಂಬರ್ ನಡುವೆ ಮುಗಿಯುತ್ತದೆ. ಗಣೇಶನ ಹಬ್ಬ, ಮೊದಲ ಸೆಮಿಸ್ಟರ್ ಪರೀಕ್ಷೆ, ಕ್ರೀಡಾಕೂಟ, ಜ್ವರ ಎಲ್ಲ ಸೇರಿ ಒಂದು ತಿಂಗಳು ತಿಂದರೂ ಡಿಸೆಂಬರ್ ಮಧ್ಯಕ್ಕೆ ಕೈಯಲ್ಲಿ ಪ್ರಬಂಧ ಇರುತ್ತದೆ.

ಯಾವ ತರಗತಿಯಲ್ಲಿ ಎಂಬ ಪ್ರಶ್ನೆಗೆ ಉತ್ತರ ಒಂಬತ್ತನೇ ತರಗತಿ ಮತ್ತು ಪ್ರಥಮ ಪಿಯುಸಿ. ಹತ್ತರಲ್ಲಿ ಬೇಡ. ಎಂಟರಲ್ಲಿ 500 ಪದದ ಒಂದು ಸಣ್ಣ ಅಭ್ಯಾಸ ಇರಲಿ: ಒಂದು ಪ್ರಶ್ನೆ, ಎರಡು ಆಧಾರ, ಒಂದು ಕೋಷ್ಟಕ. ಅಷ್ಟು ಮಾಡಿದ ಮಗುವಿಗೆ ಒಂಬತ್ತರಲ್ಲಿ ಕೈ ನಡುಗುವುದಿಲ್ಲ. ದ್ವಿತೀಯ ಪಿಯುಸಿಯವರಿಗೆ ಅಂಕಕ್ಕಾಗಿ ಯೋಜನಾ ಕಾರ್ಯ ಅನಿವಾರ್ಯವಾದ್ದರಿಂದ ಅವರ ಮಾಹಿತಿ ಸಂಗ್ರಹ ಪ್ರಥಮ ವರ್ಷದ ಬೇಸಿಗೆ ರಜೆಗೆ ಮುಂಚೆಯೇ ಶುರುವಾಗಬೇಕು.

ವಾರದ ಲೆಕ್ಕಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ನಮ್ಮ ಭಾಗದಲ್ಲಿ ಮಕ್ಕಳು ಕೈಯಿಂದ ಮುಟ್ಟಿ ಅಳೆಯಬಹುದಾದ ವಿಷಯಗಳು ಋತುವಿಗೆ ಕಟ್ಟುಬಿದ್ದಿವೆ. ಬಾವಿ, ತೊಗರಿ, ಹತ್ತಿ ಯಾವುದೂ ಶಾಲೆಯ ಒಪ್ಪಿಸುವ ದಿನಾಂಕಕ್ಕೆ ಕಾಯುವುದಿಲ್ಲ.

ಬಾವಿಯನ್ನೇ ತೆಗೆದುಕೊಳ್ಳಿ. ‘ನಮ್ಮೂರಿನ ಮೂರು ತೆರೆದ ಬಾವಿಗಳಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ನೀರು ಎಷ್ಟು ಏರಿತು, ಯಾವುದರಲ್ಲಿ ಮೊದಲು ಏರಿತು, ಏಕೆ?’ ಒಂಬತ್ತನೇ ತರಗತಿಗೆ ಹೇಳಿಮಾಡಿಸಿದ ಪ್ರಶ್ನೆ ಇದು. ಖರ್ಚು ಇಲ್ಲ. ಬಾವಿಯ ಕಟ್ಟೆಯ ಮೇಲೆ ಒಂದು ಕಡೆ ಬಣ್ಣದಿಂದ ಗುರುತು ಹಾಕಿ, ಪ್ರತಿ ಸಲ ಅಲ್ಲಿಂದಲೇ ಹಗ್ಗ ಬಿಡಬೇಕು. ಹಗ್ಗದ ತುದಿಗೆ ಕಲ್ಲು ಕಟ್ಟುವುದು ಎಲ್ಲರೂ ಮಾಡುವ ತಪ್ಪು; ಕಲ್ಲು ಸದ್ದಿಲ್ಲದೆ ಮುಳುಗುತ್ತದೆ, ಹಗ್ಗ ಬಿಗಿಯಾಗಿಯೇ ಇರುತ್ತದೆ, ಅಳತೆಯಲ್ಲಿ ಒಂದೆರಡು ಅಡಿ ಸುಳ್ಳು ಸೇರುತ್ತದೆ. ಸಣ್ಣ ಸ್ಟೀಲ್ ಲೋಟವನ್ನು ಬೋರಲಾಗಿ ಕಟ್ಟಿದರೆ ನೀರು ಮುಟ್ಟಿದ ಕೂಡಲೇ ಟಪ್ ಎನ್ನುತ್ತದೆ. ಆ ಸದ್ದು ಕೇಳಿದ ಕ್ಷಣ ಗುರುತಿನ ಬಳಿ ಹಗ್ಗವನ್ನು ಚಿವುಟಿ ಹಿಡಿದು, ಮೇಲೆಳೆದು, ಟೇಪಿನಿಂದ ಅಳೆಯಬೇಕು. ಹಗ್ಗಕ್ಕೆ ಗಂಟು ಹಾಕಿ ಅದನ್ನೇ ನಂಬಬಾರದು, ನೆನೆದ ಹಗ್ಗದ ಉದ್ದ ಬದಲಾಗುತ್ತದೆ. ಬಂದ ಅಳತೆಯಲ್ಲಿ ಕಟ್ಟೆಯ ಎತ್ತರ ಕಳೆದರೆ ನೆಲದಿಂದ ನೀರಿನ ಆಳ ಸಿಗುತ್ತದೆ. ಪಂಪ್‌ಸೆಟ್ ಇರುವ ಬಾವಿಯಾದರೆ ಕರೆಂಟ್ ಬರುವ ಮುಂಚೆ ಅಳೆಯಬೇಕು. ಎರಡು ತಾಸು ನೀರೆತ್ತಿದ ಮೇಲೆ ಸಿಗುವುದು ಪಂಪಿನ ಲೆಕ್ಕವೇ ಹೊರತು ಮಳೆಯ ಲೆಕ್ಕವಲ್ಲ. ಮಗು ಒಂಟಿಯಾಗಿ ಬಾವಿಗೆ ಬಗ್ಗಬಾರದು, ಮನೆಯ ದೊಡ್ಡವರೊಬ್ಬರು ಜೊತೆಗಿರಲೇಬೇಕು. ಹದಿನೈದು ದಿನಕ್ಕೊಮ್ಮೆಯಂತೆ ಜೂನ್‌ನಿಂದ ನವೆಂಬರ್‌ವರೆಗೆ ಸುಮಾರು 12 ಅಳತೆ ಬರುತ್ತವೆ. ಬೀದರಿನ ಜಂಬಿಟ್ಟಿಗೆ ನೆಲದ ಶಾಲೆಯೂ ಕಲಬುರಗಿಯ ಎರೆ ನೆಲದ ಶಾಲೆಯೂ ಇದೇ ಅಳತೆ ಮಾಡಿ ಅಂಕಿಗಳನ್ನು ಅದಲುಬದಲು ಮಾಡಿಕೊಂಡರೆ ಇನ್ನೂ ಒಳ್ಳೆಯದು. ಇದೇ ಕೆಲಸವನ್ನು ಡಿಸೆಂಬರ್‌ನಲ್ಲಿ ಶುರುಮಾಡಿದ ಮಗುವಿಗೆ ಸಿಗುವುದು ಒಂದೇ ಅಂಕಿ. ಒಂದು ಅಂಕಿಯಿಂದ ಏರಿತು ಇಳಿಯಿತು ಎಂದು ಹೇಳಲು ಬರುವುದಿಲ್ಲ.

ತೊಗರಿಯದೂ ಹಾಗೆಯೇ. ಬಿತ್ತನೆ ಜೂನ್-ಜುಲೈ, ರಾಶಿ ಡಿಸೆಂಬರ್-ಜನವರಿ. ಆದ್ದರಿಂದ ‘ಈ ವರ್ಷದ ಇಳುವರಿ’ ಶಾಲೆಯ ಪ್ರಬಂಧಕ್ಕೆ ಹೊಂದುವ ವಿಷಯವಲ್ಲ. ರಾಶಿಯಾಗುವ ಹೊತ್ತಿಗೆ ಪ್ರಬಂಧ ಮುಗಿದಿರಬೇಕು. ಗಿಡವನ್ನೇ ಒಣಗಿಸುವ ನೆಟೆ ರೋಗ ಹೊಂದುತ್ತದೆ. ರೈತರ ಅನುಮತಿ ಪಡೆದು ಐದು ಹೊಲ ಆರಿಸಿ, ಪ್ರತಿ ಹೊಲದಲ್ಲಿ ನಾಲ್ಕು ಕಡೆ ತಲಾ 50 ಗಿಡ ಎಣಿಸಿ, ಎಷ್ಟು ಒಣಗಿವೆ ಎಂದು ಬರೆಯುವುದು. ಮೊದಲ ಎಣಿಕೆ ಆಗಸ್ಟ್ ಕೊನೆಗೆ, ಆಮೇಲೆ ತಿಂಗಳಿಗೊಮ್ಮೆ ನವೆಂಬರ್‌ವರೆಗೆ. ಬದುವಿನ ಪಕ್ಕದ ಸಾಲಿನಲ್ಲೇ ನಿಂತು ಎಣಿಸಿ ಮನೆಗೆ ಬರುವ ಮಕ್ಕಳೇ ಹೆಚ್ಚು. ಅಂಚಿನ ಗಿಡಕ್ಕೆ ಬಿಸಿಲು, ನೀರು, ಪೈಪೋಟಿ ಎಲ್ಲ ಬೇರೆ, ಅದು ಹೊಲದ ಪ್ರತಿನಿಧಿಯಲ್ಲ. ಕನಿಷ್ಠ ಹತ್ತು ಹೆಜ್ಜೆ ಒಳಗೆ ಹೋಗಬೇಕು. ಒಣಗಿದ್ದೆಲ್ಲ ನೆಟೆಯೂ ಅಲ್ಲ. ಒಣಗಿದ ಗಿಡದ ಕಾಂಡವನ್ನು ಬುಡದ ಹತ್ತಿರ ಉದ್ದಕ್ಕೆ ಸೀಳಿದರೆ ಒಳಗೆ ಕಂದು ಅಥವಾ ಕಪ್ಪು ಗೆರೆ ಕಾಣಬೇಕು. ಗೆರೆ ಇಲ್ಲದಿದ್ದರೆ ನೀರು ನಿಂತು ಸತ್ತಿರಬಹುದು, ಬೇರೆ ರೋಗವಿರಬಹುದು; ಅದನ್ನು ಬೇರೆ ಕಾಲಂನಲ್ಲಿ ಹಾಕಬೇಕು. ಈ ಒಂದು ಕಾಲಂ ಬೇರೆ ಮಾಡುವುದನ್ನು ಕಲಿತ ಮಗು ಸಂಶೋಧನೆ ಎಂದರೇನು ಎಂಬುದನ್ನು ಅಲ್ಲೇ, ಹೊಲದಲ್ಲೇ ಕಲಿತಿರುತ್ತದೆ.

ಹೊರಗಿನ ಕೆಲಸವೆಲ್ಲ ಆದಷ್ಟು ದಸರೆಯೊಳಗೆ ಮುಗಿಯಬೇಕೆನ್ನಲು ಇನ್ನೊಂದು ನೋವಿನ ಕಾರಣವಿದೆ. ಅಕ್ಟೋಬರ್ ದಾಟಿದ ಮೇಲೆ ಹತ್ತಿ ಬಿಡಿಸುವ ಕಾಲ. ಯಾದಗಿರಿ ಮತ್ತು ಕಲಬುರಗಿಯ ಎಷ್ಟೋ ಹಳ್ಳಿಗಳಲ್ಲಿ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ತರಗತಿಯಿಂದ ಕಾಣೆಯಾಗುತ್ತಾರೆ. ದೀಪಾವಳಿ ಆದಮೇಲೆ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್ ಕಡೆ ದುಡಿಯಲು ಹೋಗುವ ಕುಟುಂಬಗಳೂ ಇವೆ. ಡಿಸೆಂಬರ್‌ನಲ್ಲಿ ವಿಷಯ ಘೋಷಿಸಿದರೆ ಈ ಮಕ್ಕಳು ಆ ದಿನ ತರಗತಿಯಲ್ಲೇ ಇರುವುದಿಲ್ಲ. ಜೂನ್‌ನಲ್ಲಿ ಶುರುಮಾಡಿದವರ ಬಳಿ ನಾಲ್ಕು ತಿಂಗಳ ಟಿಪ್ಪಣಿ ಇರುತ್ತದೆ. ಊರು ಬಿಟ್ಟರೂ ನೋಟ್‌ಬುಕ್ ಚೀಲದಲ್ಲಿ ಹೋಗುತ್ತದೆ, ಬಂದಮೇಲೆ ಬರೆಯಲು ಏನಾದರೂ ಉಳಿದಿರುತ್ತದೆ.

ಕಚೇರಿಗಳಿಂದ ಮಾಹಿತಿ ಬೇಕಾದವರಿಗೂ ಸಮಯದ ಲೆಕ್ಕ ಬೇಕು. ಗ್ರಾಮ ಪಂಚಾಯಿತಿ, ರೈತ ಸಂಪರ್ಕ ಕೇಂದ್ರ, ತಾಲ್ಲೂಕು ಕಚೇರಿಗಳಲ್ಲಿ ಶಾಲೆಯ ಮುಖ್ಯಸ್ಥರ ಪತ್ರ ತೋರಿಸಿದರೆ ಎಷ್ಟೋ ಸಲ ಅಲ್ಲೇ ಸಿಗುತ್ತದೆ. ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ. 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಜನವರಿಯಲ್ಲಿ ಹಾಕಿದ ಅರ್ಜಿಗೆ ಉತ್ತರ ಬರುವಷ್ಟರಲ್ಲಿ ಅಂಕಪಟ್ಟಿಯೇ ತಯಾರಾಗಿರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಹೋಗುವವರು ನೆನಪಿಡಬೇಕು, ಬಿಸಿಲಿನ ಕಾರಣಕ್ಕೆ ಕಲಬುರಗಿ ವಿಭಾಗದ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ.

ಅಂಕಿಗಳು ಕೈಗೆ ಬಂದಮೇಲೆ ಕೂತು ನೋಡಲು ಪುರುಸೊತ್ತಿಲ್ಲದಿದ್ದರೆ ಎಂಥ ತಪ್ಪಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯದೇ ಒಂದು ಉದಾಹರಣೆ. 2001ರ ಜನಗಣತಿಯಲ್ಲಿ ಗುಲ್ಬರ್ಗ ಜಿಲ್ಲೆಯ ಜನಸಂಖ್ಯೆ 31,30,922. 2011ರಲ್ಲಿ 25,66,326. ಎರಡನ್ನೂ ಪಕ್ಕಪಕ್ಕ ಇಟ್ಟ ವಿದ್ಯಾರ್ಥಿ ‘ಹತ್ತು ವರ್ಷದಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಜನ ಕಡಿಮೆಯಾದರು, ಕಾರಣ ಗುಳೆ’ ಎಂದು ಬರೆಯುತ್ತಾನೆ. ಓದಲು ಚೆನ್ನಾಗಿಯೂ ಇರುತ್ತದೆ. ಆದರೆ ಈ ಎರಡು ಜನಗಣತಿಗಳ ನಡುವೆ ಯಾದಗಿರಿ ಬೇರೆ ಜಿಲ್ಲೆಯಾಯಿತು. 2011ರಲ್ಲಿ ಯಾದಗಿರಿಯ ಜನಸಂಖ್ಯೆ 11,74,271. ಎರಡನ್ನೂ ಕೂಡಿಸಿದರೆ 37,40,597. ಇಳಿದಿಲ್ಲ, ಸುಮಾರು ಶೇ 19.5ರಷ್ಟು ಏರಿದೆ. ಆಮೇಲೆ ಕಮಲಾಪುರ, ಕಾಳಗಿ, ಶಹಾಬಾದ್, ಯಡ್ರಾಮಿ, ಯಾದಗಿರಿ ಜಿಲ್ಲೆಯಲ್ಲಿ ಹುಣಸಗಿ, ವಡಗೇರಾ, ಗುರುಮಠಕಲ್, ಬೀದರಿನಲ್ಲಿ ಹುಲಸೂರು, ಚಿಟಗುಪ್ಪ, ಕಮಲನಗರ ಹೊಸ ತಾಲ್ಲೂಕುಗಳಾದವು. ತಾಲ್ಲೂಕುವಾರು ಮಳೆ, ಬೆಳೆ, ಶಾಲೆ ಯಾವುದನ್ನೇ ಹೋಲಿಸಿದರೂ ಗಡಿ ಯಾವ ವರ್ಷದ್ದು ಎಂದು ಮೊದಲು ಕೇಳಬೇಕು. ಈ ತಪ್ಪನ್ನು ಕಂಡುಹಿಡಿಯಲು ಬುದ್ಧಿವಂತಿಕೆಗಿಂತ ಹೆಚ್ಚಾಗಿ ಬೇಕಾದದ್ದು ಒಂದು ವಾರ ಬಿಟ್ಟು ಮತ್ತೆ ನೋಡುವ ಅವಕಾಶ.

ಹಳೆಯ ದಾಖಲೆಗಳಿಗೆ ಕೈಹಾಕುವವರಿಗೆ ಇನ್ನೂ ಒಂದು ತಿಂಗಳು ಹೆಚ್ಚು ಕೊಡಿ. ನಿಜಾಮರ ಕಾಲದ ಕಂದಾಯ ಕಾಗದಗಳು ಹೆಚ್ಚಾಗಿ ಉರ್ದುವಿನಲ್ಲಿವೆ, ವರ್ಷ ಫಸಲಿ ಎಂಬ ಕಂದಾಯದ ಕಾಲಗಣನೆಯಲ್ಲಿದೆ. ಹೈದರಾಬಾದ್ ಫಸಲಿಗೆ 590 ಕೂಡಿಸಿದರೆ ಇಸವಿ ಸಿಗುತ್ತದೆ; ಫಸಲಿ 1350 ಎಂದರೆ 1940–41. ಓದಿ ಹೇಳುವ ಹಿರಿಯರನ್ನು ಊರಲ್ಲಿ ಹುಡುಕಬೇಕು, ಅವರ ಬಿಡುವಿಗೆ ಕಾಯಬೇಕು. ಹಿರಿಯರನ್ನು ಮಾತಾಡಿಸುವಾಗ ಅಳತೆಗಳನ್ನು ಅಲ್ಲೇ ಬಿಡಿಸಿಕೊಳ್ಳಬೇಕು. ‘ಇಪ್ಪತ್ತು ಚೀಲ ಬಂತು’ ಎಂದರೆ ಚೀಲ 50 ಕೆ.ಜಿಯದೋ 100 ಕೆ.ಜಿಯದೋ? ‘ಎರಡು ಕೂರಿಗೆ ಹೊಲ’ ಎಂದರೆ ಎಷ್ಟು ಎಕರೆ? ಮನೆಗೆ ಬಂದು ಊಹಿಸಿ ಬರೆದರೆ ಇಳುವರಿ ದುಪ್ಪಟ್ಟೋ ಅರ್ಧವೋ ಆಗುತ್ತದೆ.

ಬಿದರಿ ಕೆಲಸದ ಮೇಲೆ ಬರೆಯಲು ಬೀದರಿನ ಮಕ್ಕಳಿಗೆ ಆಸೆ ಇರುವುದು ಸಹಜ, ಬರೆಯಲಿ. ‘ಬಿದರಿ ಕಲೆ’ ಎಂಬುದು ಪ್ರಶ್ನೆಯಲ್ಲ, ತಲೆಬರಹ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ, ಅರ ಹಾಕಿ ನಯ ಮಾಡುತ್ತಾರೆ, ಮೈಲುತುತ್ತ ಹಚ್ಚಿ ಕಪ್ಪು ಮಾಡಿ ಚಿತ್ರ ಕೆತ್ತುತ್ತಾರೆ, ಬೆಳ್ಳಿ ತಂತಿ ಕೂರಿಸುತ್ತಾರೆ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಲ್ಲಿ ಬಿಸಿಮಾಡಿ ಕಪ್ಪೇರಿಸುತ್ತಾರೆ. ಇಷ್ಟು ಯಾವ ಪುಸ್ತಕದಲ್ಲೂ ಇದೆ. ‘ಒಂದು ಸಣ್ಣ ಡಬ್ಬಿಗೆ ಹಿಡಿಯುವ ಒಟ್ಟು ಗಂಟೆಗಳಲ್ಲಿ ಕೆತ್ತನೆಗೆ ಎಷ್ಟು, ತಂತಿ ಕೂರಿಸಲು ಎಷ್ಟು?’ ಎಂಬುದು ಪ್ರಶ್ನೆ. ಇದಕ್ಕೆ ಉತ್ತರ ಬೇಕಾದರೆ ಕುಶಲಕರ್ಮಿಯ ಪಕ್ಕ ನಾಲ್ಕೈದು ಸಲ ಕೂರಬೇಕು. ಎರಕದ ದಿನ ಬೇರೆ, ಕೆತ್ತನೆಯ ದಿನ ಬೇರೆ. ಅವರು ಮಗುವಿನ ರಜೆ ನೋಡಿ ಕೆಲಸ ಮಾಡುವುದಿಲ್ಲ.

ಇನ್ನು ಬರವಣಿಗೆ. ಮಾಹಿತಿಯೆಲ್ಲ ಕೂಡಿದ ಮೇಲೆ ಬರೆಯಲು ಕೂರುತ್ತೇನೆ ಎಂಬ ಎಣಿಕೆಯೇ ಅರ್ಧ ಪ್ರಬಂಧಗಳನ್ನು ಮುಳುಗಿಸುತ್ತದೆ. ಬರೆಯುವುದು ಮೂರನೇ ವಾರದಲ್ಲೇ ಶುರುವಾಗಬೇಕು, ಒಂದೇ ಪುಟ: ನನ್ನ ಪ್ರಶ್ನೆ ಏನು, ಉತ್ತರ ಏನಿರಬಹುದೆಂದು ನನ್ನ ಊಹೆ, ಎಲ್ಲಿ ಹುಡುಕುತ್ತೇನೆ, ಯಾವುದನ್ನು ಬಿಡುತ್ತೇನೆ. ಕೊನೆಯ ಸಾಲೇ ಎಲ್ಲಕ್ಕಿಂತ ಮುಖ್ಯ. ಪಠ್ಯಪುಸ್ತಕದಲ್ಲೇ ಉತ್ತರ ಇರುವ ಪ್ರಶ್ನೆಯನ್ನೂ, ಬೆಂಗಳೂರಿಗೆ ಹೋಗದೆ ಉತ್ತರ ಸಿಗದ ಪ್ರಶ್ನೆಯನ್ನೂ ಶಿಕ್ಷಕರು ಆ ಪುಟದಲ್ಲೇ ತಡೆಯಬಹುದು. ಜುಲೈ ಕೊನೆಯವರೆಗೆ ಪ್ರಶ್ನೆ ಬದಲಿಸಲು ಅವಕಾಶ, ಆಮೇಲೆ ಇಲ್ಲ.

ಓದುವಾಗ ಅರ್ಧ ಹಾಳೆಯ ಚೀಟಿಗಳಿರಲಿ. ಒಂದು ಚೀಟಿಗೆ ಒಂದೇ ವಿಷಯ. ಕೆಳಗೆ ಪುಸ್ತಕದ ಹೆಸರು, ಪುಟ ಸಂಖ್ಯೆ, ಓದಿದ ದಿನ. ಪುಸ್ತಕದ ಮಾತನ್ನೇ ಇಳಿಸಿಕೊಂಡಿದ್ದರೆ ಉದ್ಧರಣ ಚಿಹ್ನೆ ಆಗಲೇ ಹಾಕಬೇಕು. ಮೂರು ತಿಂಗಳ ನಂತರ ಯಾವ ಸಾಲು ತನ್ನದು, ಯಾವುದು ಪುಸ್ತಕದ್ದು ಎಂದು ಮಗುವಿಗೇ ಗೊತ್ತಾಗುವುದಿಲ್ಲ. ಕಳ್ಳತನದ ಉದ್ದೇಶವೇ ಇಲ್ಲದ ಮಕ್ಕಳು ನಕಲಿನ ಆರೋಪಕ್ಕೆ ಸಿಕ್ಕಿಬೀಳುವುದು ಹೀಗೆ.

ಮೊದಲ ಕರಡು ದಸರಾ ರಜೆಯಲ್ಲಿ. ಮುನ್ನುಡಿಯಿಂದ ಶುರುಮಾಡಬಾರದು, ಅಲ್ಲಿ ಸಿಕ್ಕಿಕೊಂಡವರು ರಜೆಯೆಲ್ಲ ಅಲ್ಲೇ ಇರುತ್ತಾರೆ. ತಾನು ಅಳೆದದ್ದು, ಎಣಿಸಿದ್ದು, ಕೇಳಿದ್ದು ಮೊದಲು. ಅದರ ಅರ್ಥ ಆಮೇಲೆ. ಪೀಠಿಕೆ ಎಲ್ಲಕ್ಕಿಂತ ಕೊನೆಗೆ. ದಿನಕ್ಕೆ ಒಂದು ಗಂಟೆ, 300 ಪದ ಬರೆದರೆ ಎಂಟೊಂಬತ್ತು ದಿನದಲ್ಲಿ ಕರಡು ಮುಗಿಯುತ್ತದೆ. ನವೆಂಬರ್‌ನ ಅಳತೆಗಳಿಗೆ ಕೋಷ್ಟಕದಲ್ಲಿ ಖಾಲಿ ಜಾಗ ಬಿಟ್ಟಿರಬೇಕು. ಕರಡನ್ನು ಹತ್ತು ದಿನ ಮುಟ್ಟದೆ ಇಟ್ಟು, ಆಮೇಲೆ ಗಟ್ಟಿಯಾಗಿ ಓದಿ ತಿದ್ದಬೇಕು. ಊಹೆ ಸುಳ್ಳಾಗಿದ್ದರೆ ಸುಳ್ಳಾಯಿತು ಎಂದೇ ಬರೆಯಲಿ. ಅದಕ್ಕೆ ಅಂಕ ಕಳೆಯುವ ಶಿಕ್ಷಕರು ಮುಂದಿನ ವರ್ಷ ಸುಳ್ಳು ಅಂಕಿಗಳನ್ನೇ ಪಡೆಯುತ್ತಾರೆ.

45 ಮಕ್ಕಳ ತರಗತಿಯಲ್ಲಿ ಇದನ್ನೆಲ್ಲ ಯಾರು ನೋಡುತ್ತಾರೆ ಎಂಬ ಆಕ್ಷೇಪ ನ್ಯಾಯವಾದದ್ದು. ಒಬ್ಬರಿಗೆ 10 ನಿಮಿಷದಂತೆ 450 ನಿಮಿಷ. 40 ನಿಮಿಷದ ಅವಧಿಗಳ ಲೆಕ್ಕದಲ್ಲಿ ಹನ್ನೊಂದಕ್ಕೂ ಹೆಚ್ಚು. ಇದನ್ನು ವರ್ಷಕ್ಕೆ ಎರಡೇ ಸಲ ಮಾಡಿದರೆ ಸಾಕು: ಜುಲೈಯಲ್ಲಿ ಪ್ರಶ್ನೆಯ ಪುಟ, ದಸರೆಯ ನಂತರ ಕರಡು. ಉಳಿದ ದಿನಗಳಲ್ಲಿ ಐದೈದು ಮಕ್ಕಳ ಗುಂಪು ಪರಸ್ಪರ ಓದಿಕೊಳ್ಳಲಿ. ಡಿಸೆಂಬರ್‌ನಲ್ಲಿ 45 ಬೈಂಡಿಂಗ್ ಕಡತಗಳನ್ನು ಒಂದೇ ವಾರದಲ್ಲಿ ಮೌಲ್ಯಮಾಪನ ಮಾಡುವ ಹೊರೆಗಿಂತ ಇದು ಹಗುರ.

ಮೂರೂ ಜಿಲ್ಲೆಗಳ ಶಿಕ್ಷಣಾಧಿಕಾರಿಗಳಲ್ಲಿ, ಶಾಲಾಭಿವೃದ್ಧಿ ಸಮಿತಿಗಳಲ್ಲಿ ಕಳಕಳಿಯ ವಿನಂತಿ. ಈ ತಿಂಗಳೇ ಶಾಲೆಯ ವಾರ್ಷಿಕ ಕ್ರಿಯಾಯೋಜನೆಯಲ್ಲಿ ಮೂರು ದಿನಾಂಕ ಬರೆದು ಗೋಡೆಗೆ ಹಚ್ಚಿ: ಪ್ರಶ್ನೆಯ ಪುಟ ಜುಲೈ ಮೂರನೇ ವಾರ, ಕರಡು ದಸರೆ ಮುಗಿದ ಮೊದಲ ಸೋಮವಾರ, ಅಂತಿಮ ಪ್ರತಿ ಡಿಸೆಂಬರ್ 15. ಬಣ್ಣದ ಮುಖಪುಟ, ಥರ್ಮೋಕೋಲ್, ಬೈಂಡಿಂಗ್‌ಗೆ ಅಂಕವಿಲ್ಲವೆಂದು ಅದೇ ಹಾಳೆಯಲ್ಲಿ ಬರೆಯಿರಿ. ಬಡ ಮನೆಯ ಮಗು ರೊಕ್ಕ ಎಲ್ಲಿಂದ ತರುವುದೆಂದು ಚಿಂತಿಸುವುದು ತಪ್ಪುತ್ತದೆ. ಪ್ರತಿ ಪ್ರಬಂಧದ ಒಂದು ಪ್ರತಿ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಉಳಿಯಲಿ. ಬರುವ ಜೂನ್‌ನಲ್ಲಿ ಅದೇ ಬಾವಿಗೆ ಹಗ್ಗ ಬಿಡುವ ಮಗುವಿಗೆ ಹೋಲಿಸಿ ನೋಡಲು ಹಿಂದಿನ ವರ್ಷದ 12 ಅಳತೆಗಳು ಅಲ್ಲಿ ಸಿಗಬೇಕು.

— ಸಮಾಜ ವಿಜ್ಞಾನ ಶಿಕ್ಷಕರೊಬ್ಬರು, ಚಿತ್ತಾಪುರ ತಾಲ್ಲೂಕು, ಕಲಬುರಗಿ ಜಿಲ್ಲೆ